ಹೊರಗೆ ಜಾರುವ ಕೋಣೆಯ ನೆಲ ಮೆತ್ತಗಾಗಿದೆ. ಮೇಲೊಂದು ಹಲಗೆ ಹೊಡೆದರೆ ಸಾಕೇ?

ಬಸ್ಸುಮನೆ, ದಾವಣಗೆರೆ:
ನಮ್ಮದು ಹಳೆಯ ಮಿನಿಬಸ್ಸು. ಆರು ವರ್ಷದ ಹಿಂದೆ ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಹಾಕಿಸಿ ಪ್ರವಾಸದ ಮನೆ ಮಾಡಿಕೊಂಡೆವು. ಎಡಬದಿಯಲ್ಲಿ ಮೇಜಿನ ಡ್ರಾಯರ್‌ನಂತೆ ಹೊರಗೆ ಜಾರುವ ಪುಟ್ಟ ಕೋಣೆಯಿದೆ. ಈ ಸಲ ಆಗುಂಬೆಯಲ್ಲಿ ಮೂರು ದಿನ ಬಿಡದ ಮಳೆ. ಊರಿಗೆ ಬಂದು ನೋಡಿದರೆ ಆ ಕೋಣೆಯ ಹೊರಮೂಲೆಯ ನೆಲ ಒಗ್ಗರಣೆಗೆ ನೆನೆಹಾಕಿದ ಮಂಡಕ್ಕಿಯಂತಾಗಿದೆ. ಹದಿನೆಂಟು ಮಿಲಿಮೀಟರ್ ಪ್ಲೈವುಡ್ ಹೆಬ್ಬೆರಳಿಗೇ ತಗ್ಗುತ್ತದೆ. ಬಾಡಿ ಕಟ್ಟುವವರು, ‘ಮೇಲೊಂದು ಹಲಗೆ ಹೊಡೆದು ವಿನೈಲ್ ಹಾಸಿದರಾಯಿತು, ಅರ್ಧ ದಿನದ ಕೆಲಸ’ ಎನ್ನುತ್ತಾರೆ. ನನ್ನ ಹೆಂಡತಿಗೆ ಒಪ್ಪಿಗೆಯಿಲ್ಲ. ಚಾವಣಿಯ ಸಂದಿಗೆ ಎರಡು ಸಲ ಸಿಲಿಕಾನ್ ಹಚ್ಚಿಸಿದ್ದೇನೆ, ಆದರೂ ಹೀಗೆ. ಏನು ಮಾಡಲಿ?

ನಿವೃತ್ತ ಮೆಕ್ಯಾನಿಕ್, ಹರಿಹರ:
ಸ್ವಾಮಿ, ನಿಮ್ಮ ಮನೆಯವರ ಮಾತು ಕೇಳಿ. ಮೂವತ್ತು ವರ್ಷ ಬಸ್ಸುಗಳ ನೆಲ ಬಿಚ್ಚಿದ್ದೇನೆ. ಒದ್ದೆಯ ಮೇಲೆ ಹೊದಿಸಿದ ನೆಲ ಹೆಚ್ಚು ಕಾಲ ನಿಂತದ್ದನ್ನು ಕಂಡಿಲ್ಲ. ಕೆಳಗಿನ ಕೊಳೆತ ಹೊಸ ಹಲಗೆಗೂ ಹತ್ತುತ್ತದೆ, ತೂಕ ಏರಿ ಕೋಣೆಯನ್ನು ಹೊರಗೆ ಒಳಗೆ ಜಾರಿಸುವ ಪಟ್ಟಿಗೂ ಮೋಟಾರಿಗೂ ಭಾರ.

ಮೊದಲು ನೀರು ಬರುವ ದಾರಿ ಹುಡುಕಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ. ಮೇಲಿನಿಂದ ಬಿಟ್ಟರೆ ಎಲ್ಲೆಡೆ ಹರಿದು ಯಾವ ಸಂದಿ ಕಳ್ಳ ಎಂದು ತಿಳಿಯುವುದೇ ಇಲ್ಲ. ನನ್ನ ಅನುಮಾನ ಚಾವಣಿಯ ಮೇಲಲ್ಲ, ಹಲಗೆಯ ಅಂಚಿನ ಮೇಲೆ. ಗೋಡೆಯಿಂದ ಇಳಿದ ನೀರು ತೊಟ್ಟಿಕ್ಕದೆ ಅಡಿಭಾಗಕ್ಕೆ ತಿರುಗುತ್ತದೆ. ಗರಗಸ ಕೊಯ್ದ ಅಂಚಿಗೆ ಏನೂ ಬಳಿದಿರದಿದ್ದರೆ, ಬತ್ತಿ ಎಣ್ಣೆ ಹೀರಿದಂತೆ ಪ್ಲೈವುಡ್ ಅದನ್ನು ಹೀರುತ್ತದೆ.

ದುರ್ಗದ ಬಡಗಿ:
ಅಣ್ಣ, ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚುತ್ತಾ ಹೋಗಿ. ಸುಲಭವಾಗಿ ಇಳಿದಲ್ಲೆಲ್ಲ ಕೊಳೆತಿದೆ. ಗಟ್ಟಿ ಮರ ಸಿಕ್ಕ ಮೇಲೂ ಒಂದು ಗೇಣು ದಾಟಿ ಕೊಯ್ಯಿರಿ, ಜಿಪುಣತನ ಬೇಡ. ಕೊಯ್ಯುವ ಮೊದಲು ಮೋಟಾರಿನ ಬ್ಯಾಟರಿ ತಂತಿ ಬಿಚ್ಚಿ, ಕೋಣೆಯ ಅಡಿಗೆ ಜಾಕ್ ಕೊಡಿ. ಗೋಡೆ ನಿಂತಿರುವುದು ಅದೇ ಹಲಗೆಯ ಮೇಲೆ. ಉಳಿದ ಮರ ಪೂರ್ತಿ ಒಣಗುವವರೆಗೆ ಫ್ಯಾನ್ ಇಡಿ.

ಹೊಸದಕ್ಕೆ ಐಎಸ್ 710 (ಭಾರತೀಯ ಮಾನಕ) ಮುದ್ರೆಯ, ನೀರು ತಡೆಯುವ ಮರೀನ್ ಪ್ಲೈ ತನ್ನಿ. ಅಂಗಡಿಯವರು ‘ವಾಟರ್‌ಪ್ರೂಫ್’ ಎಂದು ಐಎಸ್ 303 ಕೊಡುತ್ತಾರೆ, ಅದು ಸಾಮಾನ್ಯ ಬಳಕೆಯ ಪ್ಲೈ, ಬೇರೆ ದರ್ಜೆ. ಮರೀನ್ ಪ್ಲೈ ಆದರೂ ಆರು ಮುಖಕ್ಕೂ, ಸ್ಕ್ರೂ ತೂತಿನ ಒಳಕ್ಕೂ ನೀರು ಇಳಿಯದಂತೆ ಎಪಾಕ್ಸಿ ರಾಳ ಬಳಿಯಲೇಬೇಕು. ಸ್ಕ್ರೂ ಸ್ಟೇನ್‌ಲೆಸ್ ಇರಲಿ. ಹೊರ ಅಂಚಿಗೆ ಅಲ್ಯೂಮಿನಿಯಂ ಆಂಗಲ್ ಹೊಡೆದು ತುದಿ ಸ್ವಲ್ಪ ಕೆಳಗಿಳಿಸಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಟೆಕ್ಸಾಸ್‌ನಲ್ಲಿರುವ ದಾವಣಗೆರೆಯವ:
ಇಲ್ಲಿ ಇದು ಹಳೆಯ ರಗಳೆ. ಅನೇಕ ಗಾಡಿಗಳಲ್ಲಿ ಮರದ ಚಕ್ಕೆಗಳನ್ನು ಒತ್ತಿ ಮಾಡಿದ ಓಎಸ್‌ಬಿ ಹಲಗೆ ಇರುತ್ತದೆ, ಅದು ನೆನೆದರೆ ಉಬ್ಬುತ್ತದೆ. ಅಡಿಗೆ ಕಪ್ಪು ಹಾಳೆ ಅಂಟಿಸಿರುತ್ತಾರೆ. ಅದು ಹರಿದರೆ ಒಳಹೋದ ನೀರಿಗೆ ಹೊರಬರುವ ದಾರಿಯೇ ಇಲ್ಲ. ನಿಮ್ಮದರಲ್ಲೂ ಅಂಥದ್ದಿದ್ದರೆ ಬಿಚ್ಚಿ ನೋಡಿ. ಮಳೆ ನಿಂತ ತಕ್ಷಣ ಕೋಣೆಯನ್ನು ಒಳಗೆಳೆಯಬೇಡಿ. ಅದರ ತಲೆಯ ಮೇಲಿನ ನೀರು, ಎಲೆ ಗುಡಿಸಿ ಒರೆಸಿದ ಮೇಲೆ ಎಳೆಯಿರಿ. ಇನ್ನು ಆ ಸಿಲಿಕಾನ್ ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಬೇರೆ ಸೀಲೆಂಟ್ ಹಿಡಿಯುವುದಿಲ್ಲ. ಹೊಸದಾಗಿ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ.

ಬಸ್ಸುಮನೆ, ದಾವಣಗೆರೆ:
ಮೇಸ್ತ್ರಿಗಳೇ, ಭಾನುವಾರ ಪೈಪು ಹಿಡಿದೆವು. ಚಾವಣಿ ನಿರಪರಾಧಿ! ಹಿಂಬದಿಯ ಕೆಳಮೂಲೆಯಲ್ಲಿ ರಬ್ಬರ್ ಪಟ್ಟಿ ಎರಡು ಬೆರಳಿನಷ್ಟು ಕುಗ್ಗಿ ಸಂದಿ ಬಿಟ್ಟಿದೆ, ಹಲಗೆಯ ಅಂಚು ಬರಿ ಮರ. ಅಂಗಳದ ಇಳಿಜಾರಿನಲ್ಲಿ ಬಸ್ಸು ನಿಲ್ಲುವುದೂ ಅದೇ ಬದಿಗೆ ವಾಲಿ. ಎರಡಡಿ ಅಗಲ ಕೊಯ್ದು ತೆಗೆದಿದ್ದೇನೆ. ಆ ಚೂರುಗಳನ್ನು ನೀರು ಕಾಯಿಸುವ ಒಲೆಗೆ ಹಾಕಬಹುದೇ ಎಂದು ಅಮ್ಮ ಕೇಳುತ್ತಿದ್ದಾರೆ.

ದುರ್ಗದ ಬಡಗಿ:
ಬೇಡವೆನ್ನಿ ಅಣ್ಣ. ಅದರಲ್ಲಿ ಅಂಟಿದೆ, ಆ ಹೊಗೆ ಒಳ್ಳೆಯದಲ್ಲ.