ಹಡಗಿನಲ್ಲಿ ಬಂದವರು ಕೇಳ್ತಾರೆ, ಯಾವ ಧರ್ಮ ಎಲ್ಲಕ್ಕಿಂತ ಹಳೆಯದು ಅಂತ. ಎಂತ ಹೇಳುದು ಮಾರಾಯ್ರೆ?

ಪ್ರಶ್ನೆ: ಪಣಂಬೂರು ಟ್ಯಾಕ್ಸಿ

ಎಲ್ಲರಿಗೂ ನಮಸ್ಕಾರ. ನಾನು ಹತ್ತೊಂಬತ್ತು ವರ್ಷದಿಂದ ಟ್ಯಾಕ್ಸಿ ಓಡಿಸುವವ. ಮಳೆಗಾಲ ಮುಗಿದ ಮೇಲೆ ಮಂಗಳೂರಿನ ಪಣಂಬೂರು ಬಂದರಿಗೆ ಪ್ರವಾಸಿ ಹಡಗು ಬರ್ತದಲ್ಲ, ಆ ದಿನ ನಮಗೆ ಒಳ್ಳೆ ಬಾಡಿಗೆ. ಬೆಳಿಗ್ಗೆ ಗೇಟಿನಲ್ಲಿ ಹತ್ತಿಸಿಕೊಂಡ್ರೆ ಕದ್ರಿ, ಕುದ್ರೋಳಿ, ಅಲೋಶಿಯಸ್ ಚಾಪೆಲ್, ಬಂದರಿನ ಝೀನತ್ ಬಕ್ಷ್ ಪಳ್ಳಿ (ಮಸೀದಿ), ಪುರ್ಸೊತ್ತು ಉಂಟಾದ್ರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಸಂಜೆಯೊಳಗೆ ವಾಪಸ್ ಬಿಡ್ಬೇಕು, ಇಲ್ಲದಿದ್ರೆ ಹಡಗು ಹೋಗ್ತದೆ. ಲೆಕ್ಕ ಹಾಕಿದ್ರೆ ಒಂದೇ ದಿನದಲ್ಲಿ ನಾಲ್ಕೈದು ಧರ್ಮ ಸುತ್ತಿಸುವ ಕೆಲಸ ನಂದು.

ಹೋದ ವಾರ ಪ್ರಾಯದ ಗಂಡ ಹೆಂಡತಿ ಸಿಕ್ಕಿದ್ರು. ಅಮ್ಮ ರಿಟೈರ್ಡ್ ಟೀಚರ್. ಕದ್ರಿಯಲ್ಲಿ ಲೋಕೇಶ್ವರನ ಎದುರು ನಿಲ್ಲಿಸಿ "ಶಿವ" ಅಂದೆ. ಮೂರು ಮುಖ, ಆರು ಕೈ, ಪದ್ಮಾಸನ, ಕಂಚಿನದ್ದು. ಆ ಅಮ್ಮ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿ, "ಇದು ಬೋಧಿಸತ್ವ" ಅಂದ್ರು. ಅಜ್ಜಿಯ ಸೆರಗು ಹಿಡಿದು ಹೋಗಿ ಕೈಮುಗಿದ ಮೂರ್ತಿ ನಂದು. ಅದು ಯಾರು ಅಂತ ಹಡಗಿನವರು ಬಂದು ಹೇಳ್ಬೇಕಾಯ್ತು!

ಕಾರಲ್ಲಿ ಕೂತ ಮೇಲೆ ಅವರಿಬ್ಬರಿಗೇ ಚರ್ಚೆ ಶುರು. ಗಂಡ ಹೇಳ್ತಾರೆ ಎಲ್ಲಕ್ಕಿಂತ ಹಳೆಯದು ಈಜಿಪ್ಟಿನದ್ದು ಅಂತ. ಅಮ್ಮ ಹೇಳ್ತಾರೆ ಯಹೂದಿಗಳದ್ದು ಅಂತ. ಕೊನೆಗೆ ನನ್ನ ಕಡೆ ತಿರುಗಿದ್ರು. ನಾನು "ಅವರ್ಸ್ ಓಲ್ಡೆಸ್ಟ್ ಮೇಡಂ" ಅಂದೆ. "ಹಾಗಾದ್ರೆ ಅದನ್ನು ಶುರು ಮಾಡಿದ್ದು ಯಾರು?" ನಂತೂರಿನ ಟ್ರಾಫಿಕ್ ಸಿಕ್ಕಿತು, ದೇವರು ದೊಡ್ಡವ, ಹಾರ್ನ್ ಹೊಡೆದು ತಪ್ಪಿಸಿಕೊಂಡೆ.

ಇನ್ನೊಂದು ಉಂಟು. ಅವರ ಕೈಯಲ್ಲಿ ಟೂರಿನವರು ಕೊಟ್ಟ ಒಂದು ಶೀಟು. ಅದರಲ್ಲಿ ಭೂತಕೋಲದ, ಅಂದ್ರೆ ದೈವದ ಕುಣಿತದ ಸೇವೆಯ, ಫೋಟೋ ಹಾಕಿ ಕೆಳಗೆ "ಡೆವಿಲ್ ಡ್ಯಾನ್ಸ್" ಅಂತ ಬರೆದಿದ್ದಾರೆ. ನಮ್ಮ ಕುಟುಂಬದಲ್ಲಿ ಪಂಜುರ್ಲಿ ಅಂತ ಹಂದಿ ರೂಪದ ದೈವ ಉಂಟು, ವರ್ಷಕ್ಕೊಮ್ಮೆ ಅದಕ್ಕೆ ನೇಮ, ಅಂದ್ರೆ ಇದೇ ಸೇವೆ. ಮೈ ಉರಿದು ಹೋಯ್ತು. ಆದ್ರೆ "ಡೆವಿಲ್ ಅಲ್ಲ" ಅಂತ ಹೇಳಿದ್ರೆ "ಮತ್ತೆ ಎಂತ?" ಅಂತ ಕೇಳ್ತಾರಲ್ಲ, ಅದಕ್ಕೆ ನನ್ನ ಹತ್ರ ಇಂಗ್ಲಿಷ್ ಇಲ್ಲ. ನಿಜ ಹೇಳ್ಬೇಕಂದ್ರೆ ಕನ್ನಡವೂ ಇಲ್ಲ.

ಓದಿದವರು ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಕಲ್ಯಾಣಪುರದ ಮಾಷ್ಟ್ರು

ತಮ್ಮಾ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವ ನಾನು. ನಿನ್ನ ಪ್ರಶ್ನೆ ನೋಡಿ ಖುಷಿಯಾಯಿತು. ನನ್ನ ಮಕ್ಕಳು ಯಾರೂ ಇದನ್ನು ಕೇಳಲಿಲ್ಲ, ಪರೀಕ್ಷೆಗೆ ಬರ್ತದಾ ಅಂತ ಮಾತ್ರ ಕೇಳಿದರು.

ಮೊದಲು ಕದ್ರಿ. ಆ ಮೂರ್ತಿಯ ಪೀಠದಲ್ಲಿ ಸಂಸ್ಕೃತ ಶಾಸನ ಉಂಟು. ಕ್ರಿ.ಶ. 968ರಲ್ಲಿ ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮ "ಕದಿರಿಕಾ" ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಎಂದು ಅದರಲ್ಲಿದೆ. ವಿಹಾರ ಎಂದ ಮೇಲೆ ಬೌದ್ಧರದ್ದು, ಲೋಕೇಶ್ವರ ಎಂದರೆ ಅವಲೋಕಿತೇಶ್ವರ ಎಂಬ ಬೋಧಿಸತ್ವ, ಬುದ್ಧನಾಗುವ ದಾರಿಯಲ್ಲಿ ಇರುವವ. ಹಾಗಾಗಿ ಆ ಟೀಚರಮ್ಮ ಹೇಳಿದ್ದು ಸರಿ. ಆದರೆ ಅದೇ ಶಾಸನ ಕುಂದವರ್ಮನನ್ನು ಬಾಲಚಂದ್ರನನ್ನು ಮುಡಿದವನ ಪಾದಕಮಲದ ದುಂಬಿ ಎಂದು ಕರೆಯುತ್ತದೆ. ಬಾಲಚಂದ್ರನನ್ನು ಮುಡಿದವ ಯಾರು? ನಿನ್ನ ಶಿವ! ಶಿವಭಕ್ತನಾದ ದೊರೆ ಬೋಧಿಸತ್ವನನ್ನು ಕೂರಿಸಿದ. ಆ ಮೇಲೆ ನಾಥಪಂಥದ ಜೋಗಿಗಳು ಬಂದರು, ಅವರ ಮಠ ಈಗಲೂ ಗುಡ್ಡದ ಮೇಲುಂಟು. ಯಾವುದು ಮುಗಿದು ಯಾವುದು ಶುರುವಾಯಿತು ಎಂದು ಗೆರೆ ಎಳೆಯಲು ಅಲ್ಲಿ ಜಾಗವೇ ಇಲ್ಲ.

ಈಗ "ಎಲ್ಲಕ್ಕಿಂತ ಹಳೆಯದು". ನಾನು ತಿರುಗಿ ಕೇಳುತ್ತೇನೆ, ಎಂತದರಲ್ಲಿ ಅಳೆಯುವುದು? ಕಲ್ಲಿನಲ್ಲಾದರೆ ಟರ್ಕಿಯ ಗೊಬೆಕ್ಲಿ ತೆಪೆ. 1995ರಿಂದ ಅಗೆಯುತ್ತಿದ್ದಾರೆ. ಸುಮಾರು 11,500 ವರ್ಷ ಹಿಂದೆ, ಗದ್ದೆ ಬೇಸಾಯ ಇನ್ನೂ ನೆಲೆಯಾಗದ ಕಾಲದಲ್ಲಿ, ಆಳೆತ್ತರಕ್ಕೂ ಎರಡು ಮೂರು ಪಾಲು ಹೆಚ್ಚಿನ ಕಲ್ಲುಕಂಬ ನಿಲ್ಲಿಸಿ ಅದರ ಮೇಲೆ ನರಿ, ರಣಹದ್ದು, ಹಾವು, ಕಾಡುಹಂದಿ ಕೆತ್ತಿದ್ದಾರೆ. ಹಂದಿ ಉಂಟು, ಹಾವು ಉಂಟು ಎಂದು ಪಂಜುರ್ಲಿ, ನಾಗ ಎರಡೂ ಟರ್ಕಿಯಿಂದ ಬಂದದ್ದು ಎಂದು ಹೇಳಿಬಿಡಬೇಡ, ನಾಳೆ ಬೆಳಿಗ್ಗೆಯೇ ವಾಟ್ಸಾಪಿನಲ್ಲಿ ನನಗೇ ವಾಪಸ್ ಬರುತ್ತದೆ. ಅವರು ಯಾರನ್ನು, ಎಂತ ಹೇಳಿ ಕರೆದರು ಎನ್ನುವುದಕ್ಕೆ ಅಕ್ಷರ ಇಲ್ಲ.

ಅಕ್ಷರದಲ್ಲಿ ಅಳೆದರೆ ಗಂಡ ಹೇಳಿದ ಈಜಿಪ್ಟು ಮುಂದಿನ ಸಾಲಿನಲ್ಲಿ ಉಂಟು. ಕ್ರಿ.ಪೂ. 2350ರ ಸುಮಾರಿಗೆ ಉನಾಸ್ ಎಂಬ ರಾಜನ ಪಿರಮಿಡ್ಡಿನ ಒಳಗೋಡೆಗೆ ಸತ್ತವನನ್ನು ದಾಟಿಸುವ ಮಂತ್ರಗಳನ್ನು ಕೊರೆದಿದ್ದಾರೆ. ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಸತ್ಯದ ದೇವತೆ ಮಾತ್‌ಳ ಗರಿ ಇಟ್ಟು ತೂಗುವ ಚಿತ್ರ ಆಮೇಲಿನ ಕಾಲದ್ದು. ಆದರೆ ಆ ಧರ್ಮದ ಬಾಗಿಲು ಹಾಕಿ ಆಯಿತು. ಆ ಚಿತ್ರಲಿಪಿಯಲ್ಲಿ ಕೆತ್ತಿದ ಕೊನೆಯ ಶಾಸನ ಕ್ರಿ.ಶ. 394ರದ್ದು, ಫಿಲೆ ಎಂಬ ದ್ವೀಪದಲ್ಲಿ. ಈಗ ಅಲ್ಲಿ ಟಿಕೆಟು ಕೊಟ್ಟು ನೋಡುವುದು ಮಾತ್ರ.

ಬಾಯಿಪಾಠದಲ್ಲಿ ಅಳೆದರೆ ಋಗ್ವೇದ, 1,028 ಸೂಕ್ತ. ಬರೆದಿಡುವ ಮೊದಲು ಎಷ್ಟೋ ತಲೆಮಾರು ಸ್ವರ ತಪ್ಪದ ಹಾಗೆ ಬಾಯಿಯಿಂದ ಬಾಯಿಗೆ ದಾಟಿದ್ದು. ಅದಕ್ಕೆ ಸ್ಥಾಪಕ ಇಲ್ಲ, ಹಾಗಾಗಿ "ಶುರು ಮಾಡಿದ್ದು ಯಾರು" ಎಂಬ ಪ್ರಶ್ನೆ ಅದಕ್ಕೆ ಒಗ್ಗುವುದಿಲ್ಲ. ಬುದ್ಧ, ಏಸು, ಪೈಗಂಬರರಿಗೆ ಕೇಳಬಹುದು. ನದಿಗೆ ಕೇಳಿದರೆ ಅದು ಯಾವ ತೊರೆಯನ್ನು ತೋರಿಸೀತು? ಇಸವಿಗೆ ಒಂದು ಹಿಡಿ ಬೇಕಾದರೆ ಇಟ್ಟುಕೋ. ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ ಸಿಕ್ಕಿದ ಮಣ್ಣಿನ ಹಲಗೆಯಲ್ಲಿ, ಕ್ರಿ.ಪೂ. 14ನೇ ಶತಮಾನದ ಒಂದು ಒಪ್ಪಂದಕ್ಕೆ ಸಿರಿಯಾ ಕಡೆಯ ಮಿತನ್ನಿ ಎಂಬ ರಾಜ್ಯದ ರಾಜ ಸಾಕ್ಷಿ ಕರೆದ ದೇವರುಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ (ಅಶ್ವಿನಿ ದೇವತೆಗಳ) ಹೆಸರುಂಟು. ರಾಜಿಪತ್ರಕ್ಕೆ ಸಾಕ್ಷಿ ಹಾಕಿಸಿದ ಹಾಗೆ.

ನನಗೆ ಎಲ್ಲಕ್ಕಿಂತ ರುಚಿ ಇರುವುದು ಇದರ ಪಕ್ಕದ ಮನೆಯಲ್ಲಿ. ಪಾರ್ಸಿಗಳ ಪ್ರವಾದಿ, ಇರಾನಿನ ಜರತುಷ್ಟ್ರ. ಅವನ 17 ಗಾಥೆಗಳ (ಸ್ತೋತ್ರಗಳ) ಭಾಷೆ ವೇದದ ಭಾಷೆಗೆ ಅಕ್ಕ ತಂಗಿ. ನಮ್ಮ "ಸ" ಅವರಲ್ಲಿ "ಹ". ತುಳುವಿನ ಪಿಲಿ ಕನ್ನಡದಲ್ಲಿ ಹುಲಿ, ಪೂ ಹೋಗಿ ಹೂ ಆದ ಹಾಗೆ ಅಂದುಕೋ. ಸೋಮ ಹಓಮ, ಸಪ್ತ ಹಪ್ತ. ಸಿಂಧು ಹಿಂದು ಆದದ್ದೂ ಆ ಬಾಯಿಯಲ್ಲೇ. ಅಸುರ ಎಂಬುದು ಅಹುರ ಆಗಿ, ಅಹುರ ಮಜ್ದ ಎಂದು ಪರಮದೇವರ ಹೆಸರಾಯಿತು. ಋಗ್ವೇದದಲ್ಲೂ ವರುಣನನ್ನು ಗೌರವದಿಂದ ಅಸುರ ಎಂದು ಕರೆದದ್ದುಂಟು, ನೆನಪಿಡು. ಇನ್ನು ದೇವ? ಅವರ ಬಾಯಲ್ಲಿ ಅದು "ದಏವ", ಅಂದರೆ ಪಿಶಾಚಿ. ನಮ್ಮ ಇಂದ್ರನ ಹೆಸರು ಅವರ ಪಿಶಾಚಿಗಳ ಪಟ್ಟಿಯಲ್ಲಿ ಉಂಟು! ಜರತುಷ್ಟ್ರ ಹೇಳಿದ್ದು ಇಷ್ಟು: ಸತ್ಯ ಒಂದು ಕಡೆ, ಸುಳ್ಳು ಒಂದು ಕಡೆ, ಆರಿಸಿಕೊಳ್ಳುವವ ನೀನು, ಒಳ್ಳೆ ಯೋಚನೆ, ಒಳ್ಳೆ ಮಾತು, ಒಳ್ಳೆ ಕೆಲಸ. ಸತ್ತ ಮೇಲೆ ಒಂದು ಸೇತುವೆ ದಾಟಬೇಕು, ಅಲ್ಲಿ ಲೆಕ್ಕ ನೋಡುತ್ತಾರೆ.

ನಿನ್ನ "ಡೆವಿಲ್" ಪ್ರಶ್ನೆಗೆ ಉತ್ತರ ಇಲ್ಲೇ ಉಂಟು. ಬೇರೆಯವರ ದೇವರು ನಮ್ಮ ದೆವ್ವ ಆಗುವುದು ಬಹಳ ಹಳೆಯ ಕಾಯಿಲೆ. ಕನ್ನಡದ "ದೆವ್ವ" ಕೂಡ "ದೇವ"ನಿಂದಲೇ ಹುಟ್ಟಿದ್ದಲ್ಲವಾ? (ಇಂಗ್ಲಿಷಿನ ಡೆವಿಲ್ ಮಾತ್ರ ಅದರ ನೆಂಟ ಅಲ್ಲ. ಅದು ಗ್ರೀಕಿನ ಡಿಯಾಬೊಲೊಸ್, ಚಾಡಿ ಹೇಳುವವ ಎಂದು ಅರ್ಥ.) ನಮ್ಮ ಭೂತ ಎಂದರೆ ಘಟ್ಟದ ಮೇಲಿನವರ ಭೂತ ಅಲ್ಲ. ಸಂಸ್ಕೃತದಲ್ಲಿ ಭೂತ ಎಂದರೆ "ಆಗಿ ಹೋದದ್ದು", ಇದ್ದ ಜೀವ. ಎಷ್ಟೋ ದೈವಗಳು ಒಂದು ಕಾಲದಲ್ಲಿ ಇದೇ ಮಣ್ಣಿನಲ್ಲಿ ಬದುಕಿ, ಅನ್ಯಾಯಕ್ಕೆ ಸಿಕ್ಕಿ ಮಾಯವಾದವರು. ಕೋಟಿ ಚೆನ್ನಯರನ್ನು ನೋಡು. ಬ್ರಿಟಿಷ್ ಕಾಲದ ಅಧಿಕಾರಿಗಳು ಡೆವಿಲ್ ಎಂದು ಬರೆದು ಹೋದರು, ನಿನ್ನ ಟೂರಿನವರು ಅದನ್ನೇ ಜೆರಾಕ್ಸ್ ಮಾಡಿದ್ದಾರೆ.

ಉತ್ತರ: ಬಜ್ಪೆ ಬಾಯಿ

ಅಣ್ಣಾ, ಮಾಷ್ಟ್ರಷ್ಟು ಗೊತ್ತಿಲ್ಲ ನಂಗೆ. ನಾನು ಇಸ್ರೇಲಿನಲ್ಲಿ ಎಂಟು ವರ್ಷ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ, ಹೈಫಾದಲ್ಲಿ. ನಮ್ಮ ಊರಿನಿಂದ ತುಂಬಾ ಜನ ಹೋಗ್ತಾರಲ್ಲ. ಹಾಗಾಗಿ ಯಹೂದಿಗಳ ವಿಷಯ ಅಡುಗೆಮನೆಯಲ್ಲಿ ನಿಂತು ನೋಡಿದ್ದು.

ಶುಕ್ರವಾರ ಸೂರ್ಯ ಮುಳುಗುವ ಮೊದಲು ಅಜ್ಜಿ ಎರಡು ಮೇಣದಬತ್ತಿ ಹಚ್ಚುದು. ಹಚ್ಚಿದ ಮೇಲೆ ಬೆಳಕನ್ನು ಎರಡು ಕೈಯಲ್ಲಿ ಮೂರು ಸಲ ತನ್ನ ಕಡೆ ಎಳೆದುಕೊಳ್ಳುದು, ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ. ನಮ್ಮಲ್ಲಿ ಆರತಿ ತಗೊಳ್ತಾರಲ್ಲ, ಥೇಟ್ ಹಾಗೇ ಕಾಣ್ತದೆ. ಅಲ್ಲಿಂದ ಶನಿವಾರ ಕತ್ತಲೆಯವರೆಗೆ ಗ್ಯಾಸ್ ಹಚ್ಚಲಿಕ್ಕಿಲ್ಲ, ಸ್ವಿಚ್ ಮುಟ್ಟಲಿಕ್ಕಿಲ್ಲ. ಬಾಗಿಲಿನ ದಾರಂದಕ್ಕೆ ಒಂದು ಸಣ್ಣ ಕೊಳವೆ ಓರೆಯಾಗಿ ಬಡಿದಿರ್ತಾರೆ, ಮೆಜುಜಾ ಅಂತ. ಒಳಗೆ ಚರ್ಮದ ಸುರುಳಿಯಲ್ಲಿ "ಇಸ್ರಾಯೇಲೇ ಕೇಳು, ದೇವರು ಒಬ್ಬನೇ" ಎಂಬ ಮಾತು. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತು. ನಮ್ಮ ಮನೆ ಬಾಗಿಲಲ್ಲಿ ತೀರ್ಥದ ಬಟ್ಟಲು ಇರ್ತದೆ, ನನ್ನ ಕೈ ಅಭ್ಯಾಸಬಲದಲ್ಲಿ ಶಿಲುಬೆ ಗುರುತು ಹಾಕ್ತಿತ್ತು, ಅಜ್ಜಿ ನಗ್ತಿದ್ರು.

ಅಬ್ರಹಾಮನಿಂದ ಶುರು ಅಂತ ಅಜ್ಜಿ. ಅವರ ಮಗ ಕಾಲೇಜಿನಲ್ಲಿ ಪಾಠ ಮಾಡುವವರು, ಅವರದ್ದು ಬೇರೆ ಲೆಕ್ಕ. ಬೈಬಲಿನ ಹೊರಗೆ "ಇಸ್ರಾಯೇಲ್" ಅನ್ನುವ ಹೆಸರು ಮೊದಲು ಸಿಗುದು ಈಜಿಪ್ಟಿನ ರಾಜ ಮೆರ್‌ನೆಪ್ತಾನ ಕಲ್ಲಿನಲ್ಲಿ, ಕ್ರಿ.ಪೂ. 1208ರ ಸುಮಾರಿಗೆ, ಅದೂ "ನಾಶ ಮಾಡಿದೆ" ಅಂತ! ಶುರುವಿನಲ್ಲಿ ಅವರೂ ಬೇರೆ ದೇವರುಗಳು ಇಲ್ಲ ಅಂತ ಹೇಳ್ತಿರಲಿಲ್ಲವಂತೆ, "ನಮಗೆ ಇವನೊಬ್ಬನೇ" ಅಂತಿದ್ರಂತೆ. ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಜೆರುಸಲೇಮಿನ ದೇವಾಲಯ ಸುಟ್ಟು ಜನರನ್ನು ಹಿಡಿದುಕೊಂಡು ಹೋದ್ರು. ದೇವಾಲಯ ಇಲ್ಲದೆ, ಊರಿಲ್ಲದೆ ದೇವರು ಇರ್ಬಹುದಾ ಅನ್ನುವ ಪ್ರಶ್ನೆ ಬಂದದ್ದು ಆಗ. "ನನ್ನ ಹೊರತು ಬೇರೆ ದೇವರಿಲ್ಲ" ಅನ್ನುವ ಗಟ್ಟಿ ಮಾತು ಯೆಶಾಯನ ಪುಸ್ತಕದಲ್ಲಿ ಬರುದು ಆ ಕಾಲದ ಭಾಗದಲ್ಲೇ. ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದು ಅವರಿಗೆ ಊರಿನ ದಾರಿ ಬಿಟ್ಟುಕೊಟ್ಟವ ಯಾರು? ಮಾಷ್ಟ್ರು ಹೇಳಿದ ಇರಾನಿನ ಕಡೆಯ ಸೈರಸ್. ಬೈಬಲಿನಲ್ಲಿ ಅವನಿಗೆ "ಅಭಿಷಿಕ್ತ", ಅಂದ್ರೆ ದೇವರು ಆರಿಸಿದವ, ಅಂತ ಬಿರುದು. ಹೊರಗಿನ ರಾಜನಿಗೆ!

ಮತ್ತೆ ಆ ಟೀಚರಮ್ಮನಿಗೆ ಒಂದು ಮಾತು ಹೇಳ್ಬೇಕಿತ್ತು ನೀವು. ನಮ್ಮ ಮಂಗಳೂರಿನಲ್ಲೇ 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಯಹೂದಿ ವ್ಯಾಪಾರಿ ಇದ್ದ, ಟುನೀಶಿಯಾ ಕಡೆಯವ. ಕರಿಮೆಣಸು, ಅಡಕೆ ಕಳಿಸುದು, ಇಲ್ಲಿ ಕಂಚಿನ ಪಾತ್ರೆಯ ಕಾರ್ಖಾನೆ ಬೇರೆ. 1132ರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲೇ ಬರೆಸಿದ್ದು. ಆಮೇಲೆ ಅವಳೇ ಅವನ ಮನೆಯೊಡತಿ ಅಂತ ಹೇಳ್ತಾರೆ. ಅವನ ಕಾಗದಪತ್ರ ಎಲ್ಲ ಸಿಕ್ಕಿದ್ದು ಕೈರೋದ ಒಂದು ಸಿನಗಾಗ್‌ನ ಕೋಣೆಯಲ್ಲಿ. ಯಾಕಂದ್ರೆ ದೇವರ ಹೆಸರು ಇರ್ಬಹುದಾದ ಕಾಗದವನ್ನು ಅವರು ಬಿಸಾಡುದಿಲ್ಲ.

ಉತ್ತರ: ಕರಾವಳಿ ಹುಲಿ

ಇಷ್ಟುದ್ದ ಯಾಕೆ? ನಮ್ಮದು ಸನಾತನ, ಅನಾದಿ. ಬಾಕಿ ಎಲ್ಲ ನಿನ್ನೆ ಮೊನ್ನೆಯದ್ದು. ಹೀಗೆ ಹೇಳಿ ಬಾಡಿಗೆ ತಗೊಂಡು ಬಾ ಮಾರಾಯ.

ಉತ್ತರ: ಜೈನಪೇಟೆಯವ

ಕರಾವಳಿ ಹುಲಿಯವರೇ, ಅನಾದಿ ಅಂತ ನಾವೂ ಹೇಳ್ತೇವೆ. ಮಹಾವೀರರು ನಮ್ಮ ಧರ್ಮ ಸ್ಥಾಪಿಸಿದ್ದು ಅಂತ ಶಾಲೆ ಪುಸ್ತಕದಲ್ಲಿ ನೋಡಿದಾಗ ನಮ್ಮ ತಂದೆ ಪೆನ್ನಿನಲ್ಲಿ ಗೀಟು ಹಾಕಿ "24ನೆಯ ತೀರ್ಥಂಕರರು" ಅಂತ ಬರೆದಿದ್ರು. ನಮ್ಮಲ್ಲಿ ಲೋಕವನ್ನು ಸೃಷ್ಟಿ ಮಾಡಿದ ದೇವರೇ ಇಲ್ಲ. ಕಾಲ ಅಂದ್ರೆ ಚಕ್ರ, ಏರ್ತದೆ, ಇಳಿತದೆ. ಚಕ್ರಕ್ಕೆ ಮೊದಲು ಎಲ್ಲಿಂದ ತರುದು? ನೀವೂ ಅನಾದಿ, ನಾವೂ ಅನಾದಿ. ಹಾಗಿರುವಾಗ ಯಾರು ಮುಂದೆ ಅಂತ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ಯಾವ ಅಂಗಡಿಯಲ್ಲಿ ಸಿಗ್ತದೆ, ಹೇಳಿ.

ಪ್ರಶ್ನೆ ಕೇಳಿದವ: ಪಣಂಬೂರು ಟ್ಯಾಕ್ಸಿ

ಎಲ್ಲರಿಗೂ ಥ್ಯಾಂಕ್ಸ್. ಮಾಷ್ಟ್ರೇ, ನೀವು ಬರೆದದ್ದನ್ನು ಡೀಸೆಲ್ ಬಿಲ್ಲಿನ ಹಿಂದೆ ಬರೆದುಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೆ. ನಿನ್ನೆ ಮತ್ತೆ ಹಡಗು ಬಂತು. ನಾಲ್ಕು ಜನ. ಪಿಲಿ, ಹುಲಿ, ಸಿಂಧು, ಹಿಂದು ಹೇಳಿದ್ದಕ್ಕೆ ಮುಂದಿನ ಸೀಟಿನವ ಪುಸ್ತಕ ತೆಗೆದು ಬರೆದುಕೊಂಡ. ಕದ್ರಿಯಲ್ಲಿ ಶಿವ ಅನ್ಲಿಲ್ಲ, ಶಿವನ ದುಂಬಿ ಕೂರಿಸಿದ ಲೋಕೇಶ್ವರ ಅಂದೆ. ದುಂಬಿಗೆ ಇಂಗ್ಲಿಷಲ್ಲಿ ಎಂತ ಹೇಳುದು ಗೊತ್ತಾಗ್ಲಿಲ್ಲ, ಝುಂಯ್ ಅಂತ ಸದ್ದು ಮಾಡಿ ತೋರಿಸಿದೆ.

ಶೀಟಿನಲ್ಲಿ "ಡೆವಿಲ್" ಇದ್ದದ್ದನ್ನು ಅವರ ಎದುರೇ ಪೆನ್ನಿನಲ್ಲಿ ಹೊಡೆದೆ. ಮತ್ತೆ ಎಂತ ಅಂತ ಕೇಳಿದ್ರು, ಕೇಳಿಯೇ ಕೇಳ್ತಾರೆ. ಆಗ ನಂಗೆ ನಮ್ಮ ಹೋದ ವರ್ಷದ ನೇಮ ನೆನಪಾಯ್ತು. ಅಪ್ಪ ಮತ್ತು ಚಿಕ್ಕಪ್ಪನಿಗೆ ಬಾವಿಯ ಹತ್ತಿರದ ಎರಡು ತೆಂಗಿನಮರಕ್ಕೆ ಏಳು ವರ್ಷದಿಂದ ಮಾತಿಲ್ಲ. ಪಂಜುರ್ಲಿ ಕಾಲಿಗೆ ಗಗ್ಗರ ಕಟ್ಟಿ, ಸೊಂಟಕ್ಕೆ ತೆಂಗಿನ ಗರಿಯ ಸಿರಿ ಬಿಟ್ಟುಕೊಂಡು ಬಂದು ಇಬ್ಬರ ಎದುರು ನಿಂತು, "ನೀರು ಒಂದೇ ಬಾವಿಯದ್ದಲ್ವಾ" ಅಂತ ಕೇಳಿತು. ತುಳುವಿನಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಮರ ಅಂತ ಅಲ್ಲೇ ತೀರ್ಮಾನ, ಇಬ್ಬರೂ ದೈವದ ಬೂಳ್ಯ (ಪ್ರಸಾದದ ವೀಳ್ಯ) ತಗೊಂಡ್ರು. ಇದನ್ನು ಹೇಳಿದೆ, ನನ್ನ ಹರಕು ಇಂಗ್ಲಿಷಲ್ಲಿ. ಹಿಂದೆ ಕೂತ ಹುಡುಗಿ "ಸೋ ಹಿ ಈಸ್ ಎ ಜಡ್ಜ್" ಅಂದಳು. ಹೌದು ಅಂದೆ. ಶುರು ಮಾಡಿದ್ದು ಯಾರು ಅಂತ ಈ ಸಲ ಯಾರೂ ಕೇಳ್ಲಿಲ್ಲ.

ಬಜ್ಪೆ ಬಾಯಿ, ಬೆನ್ ಯಿಜುವಿನ ಮನೆ ಯಾವ ಕೇರಿಯಲ್ಲಿತ್ತು ಅಂತ ಕೇಳಿದ್ರು, ನಾನು ಬಂದರಿನ ಕಡೆ ಕೈ ತೋರಿಸಿಬಿಟ್ಟೆ. ತಪ್ಪಾದ್ರೆ ಮಾಫಿ.

ಜೈನಪೇಟೆಯವರೇ, ಶನಿವಾರ ಇನ್ನೊಂದು ಹಡಗು ಉಂಟು, ಅವರಿಗೆ ಮೂಡುಬಿದಿರೆ ಬೇಕೇ ಬೇಕಂತೆ. ಬಸದಿ ಮಧ್ಯಾಹ್ನ ಮುಚ್ತದಾ? ಬಸ್ಸು ನಿಲ್ಲಿಸಿದ ಕಡೆ ಕಾರಿಗೆ ಜಾಗ ಸಿಗ್ತದಾ?