ಮೊಬೈಲ್ ಹಾಜರಾತಿ: ಮಹಾಪ್ರಬಂಧದಲ್ಲಿ ಎಷ್ಟು ಬರೆಯಲಿ?

ಸಂಶೋಧನಾ ವಿದ್ಯಾರ್ಥಿನಿ, ಕಡಗಂಚಿ:
ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಉದ್ಯೋಗ ಖಾತರಿಯ ಕೂಲಿಕಾರ ಮಹಿಳೆಯರು ಮೊಬೈಲ್ ಹಾಜರಾತಿಯೊಂದಿಗೆ ಹೇಗೆ ಏಗಿದರು ಎಂಬುದು ನನ್ನ ವಿಷಯ. 2023ರ ಜನವರಿ 1ರಿಂದ ಕೆಲಸದ ಜಾಗದಲ್ಲೇ ಫೋಟೊ ತೆಗೆದು ಹಾಜರಿ ಹಾಕುವ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೊ. ಕೂಲಿ ಅಳತೆಯ ಲೆಕ್ಕದಲ್ಲಿ ಸಿಗುತ್ತಿದ್ದರೂ, ತಗ್ಗು ತೋಡಿ ಮುಗಿಸಿದವರು ಎರಡನೆಯ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕಿತ್ತು. ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಮಹಿಳೆಯರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಅದೇನೆಂದು ಇಲ್ಲಿ ಹೇಳುವುದಿಲ್ಲ. ಮಾರ್ಗದರ್ಶಕರು, ‘ಧರಣಿ ಇಲ್ಲ, ಘೋಷಣೆ ಇಲ್ಲ, ಪ್ರತಿರೋಧ ಎಲ್ಲಿದೆ?’ ಎಂದು ಕೇಳುತ್ತಾರೆ. ತೋರಿಸಬೇಕಾದರೆ ಆ ದಾರಿಯನ್ನೇ ಬರೆಯಬೇಕು. ಬರೆದರೆ ನನ್ನನ್ನು ನಂಬಿ ಹೇಳಿದವರಿಗೆ ತೊಂದರೆ. ಏನು ಮಾಡಲಿ?

ನಿವೃತ್ತ ಇತಿಹಾಸ ಉಪನ್ಯಾಸಕ, ಬೀದರ್:
1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತ ಕಾಲುಚೀಲ ಹೆಣೆಯುವ ಯಂತ್ರಗಳನ್ನು ಒಡೆದ ಲಡ್ಡೈಟರೆಂಬ ಹೆಣಿಗೆ ಕಾರ್ಮಿಕರು ಕಂಡ ಕಂಡ ಯಂತ್ರವನ್ನು ಮುಟ್ಟಲಿಲ್ಲ. ಕೂಲಿ ಇಳಿಸಿದ, ಕಳಪೆ ಮಾಲು ಮಾಡಿಸುತ್ತಿದ್ದ ಯಜಮಾನರದನ್ನೇ ಹುಡುಕಿ ಒಡೆದರು. 1812ರಲ್ಲಿ ಬ್ರಿಟಿಷ್ ಸಂಸತ್ತು ಅದನ್ನು ಮರಣದಂಡನೆಯ ಅಪರಾಧವಾಗಿಸಿತು. ಅಷ್ಟು ಗದ್ದಲದ ಬಂಡಾಯದಲ್ಲೂ ಅವರು ಆಣೆ ಹಾಕಿ ಒಬ್ಬರ ಹೆಸರನ್ನೊಬ್ಬರು ಬಚ್ಚಿಟ್ಟಿದ್ದರು. ನಿಮ್ಮ ಮಾರ್ಗದರ್ಶಕರಿಗೆ ಇದನ್ನು ಹೇಳಿ.

ಕಾಯಕ ಬಂಧು (ಕೂಲಿಕಾರರ ಹಾಜರಿ ನೋಡುವ ಮೇಟ್) ಆಗಿದ್ದವಳು, ಅಫಜಲಪುರ:
ತಂಗಿ, ನಮ್ಮ ಊರಲ್ಲಿ ಆ ಮೊಬೈಲ್ ನನ್ನ ಕೈಯಲ್ಲಿತ್ತು. ಹಳ್ಳದ ದಂಡೆಯಲ್ಲಿ ಸಿಗ್ನಲ್ ಇರಲಿಲ್ಲ. ಫೋಟೊ ತೆಗೆದು, ದಿಬ್ಬ ಹತ್ತಿ ಕಳಿಸಬೇಕಿತ್ತು. ಹೋಗಲಿಲ್ಲವೆಂದರೆ ದಿನವಿಡೀ ಮಣ್ಣು ಹೊತ್ತವರಿಗೆ ಹಾಜರಿಯಿಲ್ಲ, ಕೂಲಿಯಿಲ್ಲ. ಬೈಗುಳ ನನಗೆ ಬೀಳುತ್ತಿತ್ತು, ಆ್ಯಪ್ ಮಾಡಿದವರಿಗಲ್ಲ. ನೀವು ಮೇಟ್‌ಗಳನ್ನೂ ಮಾತನಾಡಿಸಿದ್ದೀರಾ? ನಾವು ಸರ್ಕಾರದ ಕಣ್ಣೂ ಆಗಿದ್ದೆವು, ಅದೇ ಓಣಿಯ ಹೆಣ್ಣುಮಕ್ಕಳೂ ಆಗಿದ್ದೆವು.

ಕೂಸು ಇದ್ದವರು ನಡುವೆ ಮನೆಗೆ ಹೋಗಿ ಹಾಲು ಕುಡಿಸಿ ಬರುತ್ತಿದ್ದರು. ನಾನು ತಡೆಯಲಿಲ್ಲ. ಕೆಲಸದ ಜಾಗದಲ್ಲಿ ಮಕ್ಕಳಿಗೆ ನೆರಳು ಇರಬೇಕೆಂದು 2005ರ ಕಾಯ್ದೆಯಲ್ಲೇ ಇತ್ತು. ನಮ್ಮಲ್ಲಿ ಒಂದು ಗಿಡದ ನೆರಳೂ ಇರಲಿಲ್ಲ. ಇಂಥದ್ದನ್ನು ಧೈರ್ಯವಾಗಿ ಬರೆಯಿರಿ. ಉಳಿದವುಗಳ ಬಗ್ಗೆ ಎಚ್ಚರ ಬೇಕು. ಊರಿನ ಹೆಸರು ಬದಲಿಸಿದರೆ ಸಾಲದು. ಹಾಜರಿ ಪಟ್ಟಿಗಳು ಜಾಲತಾಣದಲ್ಲಿ ಕೂಲಿಕಾರರ ಹೆಸರಿನೊಂದಿಗೆ ಯಾರು ಬೇಕಾದರೂ ನೋಡುವಂತೆ ಇದ್ದವು. ಕಾಮಗಾರಿ ಯಾವುದು, ಯಾವ ವಾರ ಎಂದು ನೀವು ಬರೆದರೆ ಸಾಕು, ಗುರುತು ಹಿಡಿಯುತ್ತಾರೆ. ಬರೆದದ್ದನ್ನು ಮೊದಲು ಆ ಮಹಿಳೆಯರ ಮುಂದೆ ಓದಿ. ಯಾವುದು ಇರಲಿ, ಯಾವುದು ಬೇಡ ಎಂದು ಅವರೇ ಹೇಳಲಿ. ಅವರು ಬೇಡವೆಂದರೆ ಪದವಿ ಒಂದು ವರ್ಷ ತಡವಾದರೂ ಬಿಡಿ.

ಸಂಶೋಧನಾ ವಿದ್ಯಾರ್ಥಿನಿ, ಕಡಗಂಚಿ:
ಅಕ್ಕ, ಕಾಮಗಾರಿ, ವಾರ ಎರಡನ್ನೂ ತೆಗೆಯುತ್ತೇನೆ. ತೊಗರಿ ರಾಶಿ ಮುಗಿದ ಮೇಲೆ ಹೋಗಿ ಓದಿ ಹೇಳುತ್ತೇನೆ. ಮೇಟ್‌ಗಳ ಬಗ್ಗೆ ಒಂದು ಅಧ್ಯಾಯ ಬರೆಯಲೇಬೇಕು ಅನಿಸುತ್ತಿದೆ. ನಿಮ್ಮಿಂದಲೇ ಆರಂಭಿಸಬಹುದೇ?