ಪದಚರ್ಚೆ: ಅಲೊಕೇಶನ್, ಅಲಾಟ್‌ಮೆಂಟ್, ಅಸೈನ್‌ಮೆಂಟ್ – ಮೂರಕ್ಕೂ ‘ಹಂಚಿಕೆ’ ಅಂದರೆ ಹೇಗೆ?

ಎಲ್ಲರಿಗೂ ನಮಸ್ಕಾರ,

ಹವ್ಯಾಸಿ ರೇಡಿಯೋ ಪರೀಕ್ಷೆಗೆ ಓದುವವರಿಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಿಯಮಗಳ ಅಧ್ಯಾಯಕ್ಕೆ ಬಂದು ಕೆಲಸ ನಿಂತಿದೆ. ರೇಡಿಯೋ ಫ್ರೀಕ್ವೆನ್ಸಿ ಕೊಡುವ ಮೂರು ಬಗೆಗಳಾದ ಅಲೊಕೇಶನ್, ಅಲಾಟ್‌ಮೆಂಟ್, ಅಸೈನ್‌ಮೆಂಟ್ ಈ ಮೂರಕ್ಕೆ ಕನ್ನಡದಲ್ಲಿ ಬೇರೆ ಬೇರೆ ಪದ ಬೇಕು. ಪತ್ರಿಕೆಗಳಲ್ಲಿ ಮೂರಕ್ಕೂ ‘ಹಂಚಿಕೆ’ ಅಂತಲೇ ಬರುತ್ತದೆ. 2ಜಿ ಹಗರಣದ ಕಾಲದಲ್ಲಿ ‘ತರಂಗಾಂತರ ಹಂಚಿಕೆ’ ಅಂತ ದಿನಾ ಓದಿ ಓದಿ ಅದೇ ಬಾಯಲ್ಲಿ ಕೂತುಬಿಟ್ಟಿದೆ. ಸುದ್ದಿಗೆ ಅಷ್ಟು ಸಾಕು ಬಿಡಿ. ಆದರೆ ಪರೀಕ್ಷೆ ಕಟ್ಟುವ ಹುಡುಗರು ‘ಪಾಸಾದರೆ ನನಗೆ ಯಾವ ಫ್ರೀಕ್ವೆನ್ಸಿ ಹಂಚಿಕೆ ಆಗುತ್ತೆ ಸಾರ್?’ ಅಂತ ಕೇಳುತ್ತಾರೆ. ಯಾವುದೂ ಆಗಲ್ಲ. ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ, ಸಿಗುವುದು ‘ವಿಯು’ ಅಂತ ಶುರುವಾಗುವ ಒಂದು ಕಾಲ್‌ಸೈನ್ (ರೇಡಿಯೋದಲ್ಲಿ ಅವರನ್ನು ಗುರುತಿಸುವ ಹೆಸರು), ಮತ್ತು ಹವ್ಯಾಸಿಗಳಿಗೆ ಅಂತ ಬಿಟ್ಟಿರುವ ಬ್ಯಾಂಡುಗಳಲ್ಲಿ ತಮ್ಮ ಲೈಸೆನ್ಸಿನ ದರ್ಜೆಗೆ ತಕ್ಕಂತೆ ಜಾಗ ಖಾಲಿ ಇದ್ದ ಕಡೆ ಮಾತಾಡುವ ಅನುಮತಿ. ಅಂದರೆ ಅವರಿಗೆ ಅಲೊಕೇಶನ್ ಇದೆ, ಅಸೈನ್‌ಮೆಂಟ್ ಇಲ್ಲ. ಇದನ್ನು ‘ಹಂಚಿಕೆ ಇದೆ, ಹಂಚಿಕೆ ಇಲ್ಲ’ ಅಂತ ಬರೆಯೋದಾ?

ಮೂರೂ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ, ಅಂದರೆ ಐಟಿಯುನ, ರೇಡಿಯೋ ನಿಯಮಾವಳಿ ಅಂತ ಒಂದಿದೆ. ಸದಸ್ಯ ದೇಶಗಳೆಲ್ಲ ಒಪ್ಪಿ ನಡೆಯಬೇಕಾದ ಕರಾರು ಅದು. ಅದರ 5ನೇ ವಿಧಿಯ ಶುರುವಿನಲ್ಲೇ ಒಂದು ಪುಟ್ಟ ಕೋಷ್ಟಕ ಇದೆ, ಇಲ್ಲಿರುವವರಿಗೆಲ್ಲ ಇಷ್ಟವಾಗುವಂಥದ್ದು. ಒಕ್ಕೂಟದ ಆರು ಭಾಷೆಗಳಲ್ಲಿ ಈ ಮೂರು ಪದಗಳನ್ನು ಪಕ್ಕಪಕ್ಕ ಇಟ್ಟು, ಯಾವುದನ್ನು ಎಲ್ಲಿ ಬಳಸಬೇಕು ಅಂತ ಗೊತ್ತು ಮಾಡಿದ್ದಾರೆ. ಒಂದು ಬಗೆಯ ಸೇವೆಗೆ ಕೊಟ್ಟರೆ ಅಲೊಕೇಶನ್. ಪ್ರದೇಶಕ್ಕೋ ದೇಶಕ್ಕೋ ಕೊಟ್ಟರೆ ಅಲಾಟ್‌ಮೆಂಟ್. ಒಂದು ಸ್ಟೇಷನ್‌ಗೆ ಕೊಟ್ಟರೆ ಅಸೈನ್‌ಮೆಂಟ್. ಫ್ರೆಂಚರು ಮೊದಲನೆಯದಕ್ಕೆ ‘ಅತ್ರಿಬ್ಯುಸಿಯೋಂ’ ಅಂತಾರೆ. ಸ್ಪ್ಯಾನಿಷ್‌ನವರು ನಡುವಿನದಕ್ಕೆ ‘ಅದ್‌ಹುದಿಕಾಸಿಯೋನ್’ ಅಂತ ಇಟ್ಟುಕೊಂಡಿದ್ದಾರೆ, ಅದಕ್ಕೆ ಕೋರ್ಟು, ಟೆಂಡರುಗಳ ವಾಸನೆ ಇದೆ. ಅಂದರೆ ಅವರು ಇಂಗ್ಲಿಷ್ ಪದವನ್ನೇ ಹಿಡಿದು ಜಗ್ಗಾಡಿಲ್ಲ. ತಮ್ಮ ಕಚೇರಿಗಳಲ್ಲಿ ಮೊದಲೇ ಓಡಾಡುತ್ತಿದ್ದ ಪದವನ್ನು ಎತ್ತಿಕೊಂಡಿದ್ದಾರೆ. ನಾವೂ ಹಾಗೇ ಮಾಡಬೇಕು ಅನ್ನೋದೇ ನನ್ನ ವಾದ.

ಅಲೊಕೇಶನ್‌ಗೆ ಹ್ಯಾಮ್‌ಗಳ 40 ಮೀಟರ್ ಬ್ಯಾಂಡೇ ಉದಾಹರಣೆ. 7100ರಿಂದ 7200 ಕಿಲೋಹರ್ಟ್ಸ್‌ವರೆಗೆ ನಮ್ಮ ಭಾಗದಲ್ಲಿ ಶಾರ್ಟ್‌ವೇವ್ ಪ್ರಸಾರದವರು ಕೂತಿದ್ದರು. 2003ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಅದನ್ನು ಹವ್ಯಾಸಿಗಳಿಗೆ ಬಿಡುವ ತೀರ್ಮಾನ ಆಯಿತು, 2009ರ ಮಾರ್ಚ್ 29ರೊಳಗೆ ಪ್ರಸಾರದವರು ಜಾಗ ಖಾಲಿ ಮಾಡಬೇಕು ಅಂತ ಗಡುವು ಹಾಕಿದರು. ಇಲ್ಲಿ ಯಾವ ಸ್ಟೇಷನ್ನಿನ ಹೆಸರೂ ಬರಲ್ಲ. ಬರುವುದು ಪ್ರಸಾರ, ಹವ್ಯಾಸಿ, ವಿಮಾನ, ಹಡಗು, ಉಪಗ್ರಹ ಅಂತ ಸೇವೆಗಳ ಹೆಸರು ಮಾತ್ರ. ತೀರ್ಮಾನ ಮಾಡುವುದು ದೇಶಗಳೆಲ್ಲ ಸೇರಿದ ಸಮ್ಮೇಳನ.

ಅಸೈನ್‌ಮೆಂಟ್‌ಗೆ ನಮ್ಮ ಆಕಾಶವಾಣಿಯನ್ನೇ ತಗೊಳ್ಳಿ. ಮೀಡಿಯಂ ವೇವ್‌ನಲ್ಲಿ ಬೆಂಗಳೂರು 612 ಕಿಲೋಹರ್ಟ್ಸ್, ಧಾರವಾಡ 765, ಭದ್ರಾವತಿ 675. ಮೂರನ್ನೂ 9ರಿಂದ ಭಾಗಿಸಿ ನೋಡಿ, ಶೇಷ ಉಳಿಯಲ್ಲ. ಇದು ಕಾಕತಾಳೀಯ ಅಲ್ಲ. 1975ರಲ್ಲಿ ಯುರೋಪು, ಆಫ್ರಿಕಾ, ಏಷ್ಯಾ, ಪೆಸಿಫಿಕ್ ಕಡೆಯ ದೇಶಗಳು ಜಿನೀವಾದಲ್ಲಿ ಕೂತು ಮೀಡಿಯಂ ವೇವ್‌ಗೆ ಒಂದು ಯೋಜನೆ ಮಾಡಿ, ಚಾನೆಲ್ಲಿಂದ ಚಾನೆಲ್ಲಿಗೆ 9 ಕಿಲೋಹರ್ಟ್ಸ್ ಅಂತರ ಇಟ್ಟವು. 1978ರ ನವೆಂಬರ್ 23ರಿಂದ ಅದು ಜಾರಿ. ಅಮೆರಿಕದ ಕಡೆ ಇವತ್ತಿಗೂ ಅಂತರ 10. ರಾತ್ರಿ ಹೊತ್ತು ಮೀಡಿಯಂ ವೇವ್ ಹಾಕಿದವರಿಗೆ ಇದೆಲ್ಲ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಹಗಲೆಲ್ಲ ಸ್ವಚ್ಛವಾಗಿ ಕೇಳಿಸುತ್ತಿದ್ದ ಸ್ಟೇಷನ್ ಮೇಲೆ ಕತ್ತಲಾದ ಮೇಲೆ ಎಲ್ಲಿಯದೋ ಹಾಡು, ಎಲ್ಲಿಯದೋ ಭಾಷೆ ಬಂದು ಕೂರುತ್ತದೆ, ಅಲ್ವಾ? ಹಗಲು ಅಷ್ಟು ದೂರ ಬಾರದ ಅಲೆ ರಾತ್ರಿ ವಾತಾವರಣದ ಮೇಲಿನ ಪದರವಾದ ಅಯಾನುಗೋಳದಿಂದ ಪುಟಿದು ಸಾವಿರಾರು ಕಿಲೋಮೀಟರ್ ಬರುತ್ತದೆ.

ಇದರ ಮಧ್ಯೆ ಇನ್ನೊಂದು ಕಿರಿಕಿರಿ. ‘ತರಂಗಾಂತರ’ ಅಂದರೆ ನಿಜಕ್ಕೂ ವೇವ್‌ಲೆಂತ್. 612 ಕಿಲೋಹರ್ಟ್ಸ್‌ನ ತರಂಗಾಂತರ ಹತ್ತಿರ ಹತ್ತಿರ 490 ಮೀಟರ್. ಹಳೇ ರೇಡಿಯೋ ಕೇಳುಗರಿಗೆ ಮೀಟರ್ರೂ ಗೊತ್ತಿತ್ತು, ಕಿಲೋಹರ್ಟ್ಸೂ ಗೊತ್ತಿತ್ತು. ಈಗ ಫ್ರೀಕ್ವೆನ್ಸಿಗೂ ತರಂಗಾಂತರ, ಸ್ಪೆಕ್ಟ್ರಮ್‌ಗೂ ತರಂಗಾಂತರ. ಶಾಲೆ ಪುಸ್ತಕದ ‘ಆವೃತ್ತಿ’ ಬಳಸೋಣ ಅಂದರೆ ‘ಪರಿಷ್ಕೃತ ಮೂರನೇ ಆವೃತ್ತಿ’ ನೆನಪಾಗುತ್ತದೆ. ನಾನು ಸುಮ್ನೆ ಫ್ರೀಕ್ವೆನ್ಸಿ ಅಂತಲೇ ಬರೆದಿದ್ದೇನೆ. ಆ ಜಗಳ ಇನ್ನೊಂದು ದಿನ ಆಡೋಣ.

ನಡುವಿನ ಅಲಾಟ್‌ಮೆಂಟ್ ಸ್ವಲ್ಪ ಅಪರೂಪದ್ದು. ಭೂಸ್ಥಿರ ಕಕ್ಷೆಯಲ್ಲಿ, ಅಂದರೆ ಭೂಮಿಯಿಂದ ನೋಡಿದರೆ ಉಪಗ್ರಹ ಒಂದೇ ಕಡೆ ನಿಂತ ಹಾಗೆ ಕಾಣುವ ಕಕ್ಷೆಯಲ್ಲಿ, ಜಾಗ ಸೀಮಿತ. ಮೊದಲು ಬಂದವರಿಗೆ ಮೊದಲು ಅಂತ ಬಿಟ್ಟರೆ ರಾಕೆಟ್ ಇರುವ ನಾಲ್ಕಾರು ದೇಶಗಳೇ ಎಲ್ಲ ಬಾಚಿಕೊಳ್ಳುತ್ತವೆ ಅಂತ ಉಳಿದವು ತಕರಾರು ತೆಗೆದವು. ಹಾಗಾಗಿ 1988ರ ಸಮ್ಮೇಳನದಲ್ಲಿ ಕೆಲವು ಬ್ಯಾಂಡುಗಳನ್ನು ತೆಗೆದಿಟ್ಟು, ಉಪಗ್ರಹ ಇರಲಿ ಇಲ್ಲದಿರಲಿ, ಪ್ರತಿ ದೇಶದ ಹೆಸರಿಗೂ ಕಕ್ಷೆಯಲ್ಲಿ ಒಂದು ಜಾಗ ಬರೆದಿಟ್ಟರು. ನಿಯಮಾವಳಿಯ ಅನುಬಂಧ 30ಬಿ ಅಂದರೆ ಅದೇ. ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದ ಪದ ‘ಪಾಲು’. ಮಗ ಊರಲ್ಲಿ ಇಲ್ಲದಿದ್ದರೂ ಅವನ ಪಾಲು ಅವನದೇ, ಅಲ್ವಾ?

ಅಲ್ಲಿಂದ ಮುಂದೆ ರೆವಿನ್ಯೂ ಇಲಾಖೆಯ ಪದಗಳನ್ನೇ ಒಂದೊಂದಾಗಿ ಹಚ್ಚಿ ನೋಡಿದೆ. ಜಮೀನಿನ ಕಾಗದಪತ್ರದಲ್ಲಿ ನಮಗೆ ಇರುವಷ್ಟು ಪದಸಂಪತ್ತು ಬೇರೆ ಯಾವ ವ್ಯವಹಾರದಲ್ಲೂ ಇಲ್ಲ ಅನ್ನಿಸುತ್ತದೆ. ಅಲಾಟ್‌ಮೆಂಟ್‌ಗೆ ‘ಪಾಲು’ ಸರಿ ಹೋಯಿತು. ಅಲೊಕೇಶನ್‌ಗೆ ಮೊದಲು ‘ಮೀಸಲು’ ಅಂತ ಯೋಚಿಸಿದೆ, ಆದರೆ ಮೀಸಲು ಅಂದರೆ ಬೇರೆಯವರು ಒಳಗೆ ಬರಬಾರದು ಅಂತ ಅರ್ಥ ಬಂದುಬಿಡುತ್ತದೆ. ಇಲ್ಲಿ ಒಂದೇ ಬ್ಯಾಂಡನ್ನು ಎರಡು ಮೂರು ಸೇವೆಗಳಿಗೆ ಕೊಟ್ಟಿರುವುದೇ ಜಾಸ್ತಿ. ‘ವಿಂಗಡಣೆ’ ವಾಸಿ. ಅಸೈನ್‌ಮೆಂಟ್‌ಗೆ ‘ನಿಯೋಜನೆ’ ಅಂತ ಸುಮಾರು ಕಡೆ ನೋಡಿದ್ದೇನೆ. ಅದು ಮೇಷ್ಟ್ರನ್ನು ಚುನಾವಣಾ ಕೆಲಸಕ್ಕೆ ಹಾಕಿದ ಹಾಗಿದೆ. ನನ್ನ ಮತ ‘ನಿಗದಿ’ಗೆ. ಬೆಂಗಳೂರು ಸ್ಟೇಷನ್‌ಗೆ 612 ನಿಗದಿಯಾಗಿದೆ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ.

ಈಗ ಕಷ್ಟದ ಪದಕ್ಕೆ ಬರುತ್ತೇನೆ. ಕೋಆರ್ಡಿನೇಶನ್. ಎಲ್ಲರೂ ಕಣ್ಣುಮುಚ್ಚಿ ‘ಸಮನ್ವಯ’ ಅಂತಾರೆ. ನನಗೆ ಅದು ಬೇಡ. ಸಮನ್ವಯ ಅಂದ ತಕ್ಷಣ ಸಮ್ಮಿಶ್ರ ಸರ್ಕಾರದ ಸಮನ್ವಯ ಸಮಿತಿ ಕಣ್ಣಿಗೆ ಬರುತ್ತದೆ, ಕೂತು ಕಾಫಿ ಕುಡಿದು ಎದ್ದರೂ ಸಮನ್ವಯವೇ. ಐಟಿಯುನ ಕೋಆರ್ಡಿನೇಶನ್ ಅಷ್ಟು ಸಲೀಸಲ್ಲ. ಒಂದು ಭೂಸ್ಥಿರ ಉಪಗ್ರಹ ಹಾರಿಸಬೇಕು ಅಂತಿಟ್ಟುಕೊಳ್ಳಿ. ಕಂಪನಿ ನೇರವಾಗಿ ಜಿನೀವಾಕ್ಕೆ ಬರೆಯುವ ಹಾಗಿಲ್ಲ, ಇಸ್ರೋ ಕೂಡ ಬರೆಯುವ ಹಾಗಿಲ್ಲ. ದೇಶದ ಪರವಾಗಿ ಸರ್ಕಾರದ ಇಲಾಖೆಯೇ ಬರೆಯಬೇಕು. ನಮ್ಮಲ್ಲಿ ಅದು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನಾ ವಿಭಾಗ, ಎಲ್ಲರೂ ಡಬ್ಲ್ಯುಪಿಸಿ ಅಂತಾರೆ, 1952ರಿಂದ ಇದೆ. ಯಾವ ಡಿಗ್ರಿ (ಅಂದರೆ ಯಾವ ರೇಖಾಂಶದ ಮೇಲೆ), ಯಾವ ಫ್ರೀಕ್ವೆನ್ಸಿ, ಎಷ್ಟು ಪವರ್, ಬೀಮ್ ಎಲ್ಲಿಗೆ ಬೀಳುತ್ತದೆ, ಎಲ್ಲ ವಿವರ ಕೊಡಬೇಕು. ಜಿನೀವಾದಲ್ಲಿರುವ ಐಟಿಯುನ ರೇಡಿಯೋ ಬ್ಯೂರೋ ಅದನ್ನು ಎರಡು ವಾರಕ್ಕೊಮ್ಮೆ ಬರುವ ತನ್ನ ಸುತ್ತೋಲೆಯಲ್ಲಿ ಹಾಕುತ್ತದೆ. ತಮ್ಮ ಉಪಗ್ರಹಕ್ಕೆ ತೊಂದರೆ ಆಗುತ್ತದೆ ಅನ್ನುವ ದೇಶಗಳು ನಾಲ್ಕು ತಿಂಗಳೊಳಗೆ ಹೇಳಬೇಕು. ಆಮೇಲೆ ಶುರು ಆ ದೇಶದ ಜೊತೆ ಒಂದು ಸುತ್ತು, ಈ ದೇಶದ ಜೊತೆ ಒಂದು ಸುತ್ತು ಮಾತುಕತೆ. ನೀನು ಪವರ್ ಇಳಿಸು, ನಾನು ಬೀಮ್ ತಿರುಗಿಸುತ್ತೇನೆ, ಈ ಬ್ಯಾಂಡಿನ ಅರ್ಧ ನಿನಗೆ, ಅರ್ಧ ನನಗೆ. ಹಾಸನದ ಮಾಸ್ಟರ್ ಕಂಟ್ರೋಲ್ ಕೇಂದ್ರದವರು ನಮ್ಮ ಉಪಗ್ರಹಗಳನ್ನು 74 ಡಿಗ್ರಿಯಲ್ಲೋ 83 ಡಿಗ್ರಿಯಲ್ಲೋ ಅಲುಗಾಡದ ಹಾಗೆ ಹಿಡಿದಿಡುತ್ತಾರಲ್ಲ, ಆ ಡಿಗ್ರಿಗಳ ಹಿಂದೆ ಇಷ್ಟು ಕಾಗದ ಓಡಾಡಿರುತ್ತದೆ.

ಹಾಗಾಗಿ ಇದಕ್ಕೆ ‘ಹೊಂದಾಣಿಕೆ’ ಅಂತ ಇಟ್ಟುಕೊಳ್ಳೋಣ, ಅದರ ಕೊನೆಗೆ ಬರುವುದಕ್ಕೆ ‘ಒಪ್ಪಿಗೆ’, ನಾಲ್ಕು ತಿಂಗಳಲ್ಲಿ ಬರುವ ಆಕ್ಷೇಪಕ್ಕೆ ‘ತಕರಾರು’. ಪಹಣಿಯಲ್ಲಿ ಹೆಸರು ಬದಲಾಗುವ ಮುಂಚೆ ತಕರಾರು ಇದ್ದವರು ಇಂತಿಷ್ಟು ದಿನದೊಳಗೆ ಬನ್ನಿ ಅಂತ ನೋಟಿಸ್ ಅಂಟಿಸುತ್ತಾರಲ್ಲ, ಕ್ರಮ ಹೆಚ್ಚುಕಡಿಮೆ ಅದೇ. ಒಂದೇ ವ್ಯತ್ಯಾಸ, ಇಲ್ಲಿ ತಹಶೀಲ್ದಾರ್ ಇಲ್ಲ. ಬ್ಯೂರೋ ಲೆಕ್ಕ ಹಾಕಿ ಕೊಡುತ್ತದೆ, ಕೇಳಿದರೆ ನಡುವೆ ನಿಂತು ಸಹಾಯವನ್ನೂ ಮಾಡುತ್ತದೆ. ಒಪ್ಪಿಕೊಳ್ಳುವುದು ಬಿಡುವುದು ಆಯಾ ದೇಶಕ್ಕೆ ಬಿಟ್ಟಿದ್ದು.

ಇದಾದ ಮೇಲೆ ನೋಟಿಫಿಕೇಶನ್. ಇದಕ್ಕೆ ‘ಅಧಿಸೂಚನೆ’ ಹಾಕಿದರೆ ತಲೆಕೆಳಗಾಗುತ್ತದೆ. ಅಧಿಸೂಚನೆ ಹೊರಡಿಸುವುದು ಮೇಲಿನವರು, ಜನರಿಗೆ. ಇಲ್ಲಿ ದೇಶ ಬ್ಯೂರೋಗೆ ‘ನಾವು ಇಂಥ ಫ್ರೀಕ್ವೆನ್ಸಿ ನಿಗದಿ ಮಾಡಿದ್ದೇವೆ, ದಾಖಲು ಮಾಡಿಕೊಳ್ಳಿ’ ಅಂತ ತಿಳಿಸುವುದು. ಧಾರವಾಡ, ಬೆಳಗಾವಿ ಕಡೆ ಹೊಲದ ಹಕ್ಕು ಬದಲಾದಾಗ ‘ವರ್ದಿ ಕೊಡೋದು’ ಅಂತಾರೆ. ‘ವಾರಸಾ ವರ್ದಿ’ ಅಂತ ಕೇಳಿರುತ್ತೀರಿ. ಇದಕ್ಕಿಂತ ಸರಿಯಾದ ಪದ ನನಗಂತೂ ಕಾಣುತ್ತಿಲ್ಲ. ಆದರೆ ಮೈಸೂರು ಕಡೆಯವರು ವರ್ದಿ ಅಂದರೆ ವರದಿ, ರಿಪೋರ್ಟ್ ಅಂದುಕೊಳ್ಳುತ್ತಾರೇನೋ ಅಂತ ಭಯ.

ಕೊನೆಗೆ ಮಾಸ್ಟರ್ ರಿಜಿಸ್ಟರ್, ದೇಶಗಳು ಹೀಗೆ ತಿಳಿಸಿದ ಫ್ರೀಕ್ವೆನ್ಸಿಗಳನ್ನು ಬರೆದಿಡುವ ಪುಸ್ತಕ. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಸಮ್ಮೇಳನದಲ್ಲಿ ಇದಕ್ಕಾಗಿಯೇ ಒಂದು ಮಂಡಳಿ ಮಾಡಿದರು, ಈಗ ಪುಸ್ತಕ ನೋಡಿಕೊಳ್ಳುವುದು ಬ್ಯೂರೋ. ಇದರಲ್ಲಿ ಹೆಸರು ಹತ್ತಿದರೆ ಫ್ರೀಕ್ವೆನ್ಸಿ ನಿಮ್ಮ ಸ್ವತ್ತು ಆಗಲ್ಲ. ಬೇರೆ ದೇಶಗಳು ತಮ್ಮ ಸ್ಟೇಷನ್‌ಗೆ ನಿಗದಿ ಮಾಡುವಾಗ ನಿಮ್ಮದನ್ನು ಲೆಕ್ಕಕ್ಕೆ ತಗೊಳ್ಳಬೇಕು, ನಿಮಗೆ ಅಡಚಣೆ ಮಾಡಬಾರದು, ಅಷ್ಟೇ. ಬೆಂಗಳೂರಿನಲ್ಲಿ ಖಾತೆ ಮಾಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಖಾತೆ ಮಾಲೀಕತ್ವದ ದಾಖಲೆ ಅಲ್ಲ ಅಂತ ಲಾಯರುಗಳು ಹೇಳುತ್ತಲೇ ಇರುತ್ತಾರಲ್ಲ. ‘ನೋಂದಣಿ’ ಅಂತ ಬರೆದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಕ್ರಯಪತ್ರ ನೆನಪಾಗಿ ಕೊಂಡುಕೊಂಡ ಹಾಗೆ ಕೇಳಿಸುತ್ತದೆ. ‘ದಾಖಲು’ ಅಂದರೆ ಸಾಕು.

ಈ ವ್ಯತ್ಯಾಸ ಸುಮ್ನೆ ಪದದ ಚೌಕಾಶಿ ಅಲ್ಲ. 1988ರಲ್ಲಿ ಟೋಂಗಾ ಅನ್ನುವ ಪುಟ್ಟ ಪೆಸಿಫಿಕ್ ದೇಶ ಭೂಸ್ಥಿರ ಕಕ್ಷೆಯಲ್ಲಿ 16 ಜಾಗಗಳಿಗೆ ಅರ್ಜಿ ಹಾಕಿತು. ಜನಸಂಖ್ಯೆ ಸುಮಾರು ಒಂದು ಲಕ್ಷ, ಸ್ವಂತ ಉಪಗ್ರಹ ಒಂದೂ ಇಲ್ಲ. ಬಾಡಿಗೆಗೆ ಬಿಡುವ ಲೆಕ್ಕಾಚಾರ. ದೊಡ್ಡ ಗಲಾಟೆ ಆಗಿ ಕೊನೆಗೆ 6ಕ್ಕೆ ಇಳಿಯಿತು. 1993ರಲ್ಲಿ ಅದರಲ್ಲಿ ಒಂದಾದ 134 ಡಿಗ್ರಿಗೆ ಇಂಡೊನೇಷ್ಯಾದವರು ಉಪಗ್ರಹ ತಂದು ನಿಲ್ಲಿಸಿದರು, ಮತ್ತೆ ಜಗಳ. 2021ರಲ್ಲಿ ರುವಾಂಡಾ 3,27,320 ಉಪಗ್ರಹಗಳಿಗೆ ಅರ್ಜಿ ಹಾಕಿತು. ಇಂಥವಕ್ಕೆ ‘ಕಾಗದದ ಉಪಗ್ರಹ’ ಅಂತಲೇ ಹೆಸರು. ಅರ್ಜಿ ಬಂದ ಏಳು ವರ್ಷದೊಳಗೆ ಬಳಕೆಗೆ ತರಬೇಕು, ಭೂಸ್ಥಿರವಾದರೆ ಹೇಳಿದ ಜಾಗದಲ್ಲಿ 90 ದಿನ ಬಿಡದೆ ಇರಬೇಕು, ಸಾವಿರಗಟ್ಟಲೆ ಉಪಗ್ರಹಗಳ ಜಾಲವಾದರೆ ಆಮೇಲೆ ಎರಡು ವರ್ಷಕ್ಕೆ ಶೇ 10, ಐದಕ್ಕೆ ಶೇ 50, ಏಳಕ್ಕೆ ಪೂರ್ತಿ ಹಾರಿರಬೇಕು ಅನ್ನುವ ನಿಯಮಗಳೆಲ್ಲ ಬಂದಿದ್ದು ಇದಕ್ಕೇ. ಪತ್ರಿಕೆಯವರು ಇದನ್ನು ‘ರುವಾಂಡಾಕ್ಕೆ ತರಂಗಾಂತರ ಹಂಚಿಕೆ’ ಅಂತ ಬರೆದರೆ ಓದಿದವನಿಗೆ ಏನು ತಿಳಿಯುತ್ತದೆ ಹೇಳಿ. ಅಲ್ಲಿ ಅರ್ಜಿ ಬಿಟ್ಟರೆ ಇನ್ನೇನೂ ಆಗಿರಲಿಲ್ಲ.

ಇನ್ನೊಂದು ಸಣ್ಣ ತೊಡಕು, ಇದು ಅಕ್ಷರದ್ದು. ಯಾವ ಬ್ಯಾಂಡು ಯಾವ ಸೇವೆಗೆ ಅಂತ ತೋರಿಸುವ ವಿಂಗಡಣೆಯ ಕೋಷ್ಟಕದಲ್ಲಿ ಮುಖ್ಯ ಸೇವೆಯ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಎರಡನೇ ದರ್ಜೆಯ ಸೇವೆಯನ್ನು ಸಾಮಾನ್ಯ ಅಕ್ಷರಗಳಲ್ಲಿ ಅಚ್ಚು ಹಾಕುತ್ತಾರೆ. ಎರಡನೇ ದರ್ಜೆಯವರು ಮುಖ್ಯರಿಗೆ ಅಡಚಣೆ ಮಾಡುವ ಹಾಗಿಲ್ಲ, ಅವರಿಂದ ಅಡಚಣೆಯಾದರೆ ದೂರುವ ಹಾಗೂ ಇಲ್ಲ. ಇಷ್ಟು ದೊಡ್ಡ ಕಾನೂನು ಬರೀ ಅಕ್ಷರದ ಗಾತ್ರದಲ್ಲಿ ಕೂತಿದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ನಾನು ದಪ್ಪ ಅಕ್ಷರ ಬಳಸಿ ನೋಡಿದೆ, ಜೆರಾಕ್ಸ್ ಮಾಡಿಸಿದರೆ ಎರಡೂ ಒಂದೇ ಥರ ಕಾಣುತ್ತವೆ. ಹೆಸರಿನ ಮುಂದೆ ‘ಮು’, ‘ಎ’ ಅಂತ ಹಾಕೋಣವಾ?

ರೆವಿನ್ಯೂ ಇಲಾಖೆಯಲ್ಲಿ, ಆಕಾಶವಾಣಿಯಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದೀರಿ ಅಂತ ಗೊತ್ತು. ‘ವರ್ದಿ’ ಹಳೇ ಮೈಸೂರಿನವರಿಗೆ ನಡೆಯುತ್ತದಾ, ‘ನಿಗದಿ’ಗಿಂತ ಒಳ್ಳೆಯ ಪದ ಯಾರ ಬಾಯಲ್ಲಾದರೂ ಕೇಳಿದ್ದೀರಾ, ಈ ಎರಡಕ್ಕೆ ಮೊದಲು ಉತ್ತರ ಕೊಡಿ. ‘ಸಮನ್ವಯ’ದ ಪರ ವಾದ ಮಾಡುವವರೂ ಬರೆಯಿರಿ, ಆದರೆ ಒಪ್ಪಿಗೆ ಸಿಗದೆ ನಿಂತುಹೋದ ಕೋಆರ್ಡಿನೇಶನ್‌ಗೆ ಆ ಪದ ಇಟ್ಟು ಒಂದು ವಾಕ್ಯ ಮಾಡಿ ತೋರಿಸಿ.